ಬಾಟಲಿಯಲ್ಲಿರುವ ಕಿಣ್ವ, ಪಾಠದಲ್ಲಿರುವ ಕಿಣ್ವ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವ ಕಲ್ಯಾಣದಲ್ಲಿ ಸೂಕ್ಷ್ಮಜೀವಿಗಳ ಪಾತ್ರದ ಬಗ್ಗೆ ಒಂದು ಪಾಠವಿದೆ. ಅದರಲ್ಲಿ ಸ್ಟ್ರೆಪ್ಟೊಕೈನೇಸ್, ಸೈಕ್ಲೊಸ್ಪೊರಿನ್-ಎ, ಸ್ಟ್ಯಾಟಿನ್ ಎಂಬ ಮೂರು ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ‘ಸ್ಟ್ಯಾಟಿನ್ ಉತ್ಪಾದಿಸುವ ಯೀಸ್ಟ್ ಯಾವುದು?’ ಎಂಬುದು ನಮಗೆಲ್ಲ ಗೊತ್ತಿರುವ ಒಂದು ಅಂಕದ ಪ್ರಶ್ನೆ. ಮೊನಾಸ್ಕಸ್ ಪರ್ಪ್ಯೂರಿಯಸ್ ಎಂದು ಬಾಯಿಪಾಠ ಮಾಡುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ, ಆಮೇಲೆ ಮರೆಯುತ್ತೇವೆ. ಆದರೆ ಅದೇ ಸ್ಟ್ಯಾಟಿನ್ ನಮ್ಮಲ್ಲಿ ಹಲವರ ಮನೆಯ ಔಷಧಿ ಡಬ್ಬಿಯಲ್ಲಿ ‘ಅಟೊರ್ವಾಸ್ಟ್ಯಾಟಿನ್’, ‘ರೊಸುವಾಸ್ಟ್ಯಾಟಿನ್’ ಎಂಬ ಹೆಸರಿನಲ್ಲಿ ಕುಳಿತಿದೆ. ಉಪ್ಪನೋ, ಅಜ್ಜನೋ, ಅಜ್ಜಿಯೋ ರಾತ್ರಿ ಊಟದ ನಂತರ ನುಂಗುವ ಆ ಸಣ್ಣ ಮಾತ್ರೆಯೇ ನಮ್ಮ ಪಾಠ.

ಈಚೆಗೆ ಆ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ವಸ್ತು ಬಂದು ಕುಳಿತಿರುವುದನ್ನು ಪುತ್ತೂರು, ಸುಳ್ಯ, ಕಡಬದ ಕಡೆಯ ಅನೇಕ ಮನೆಗಳಲ್ಲಿ ನೋಡಬಹುದು. ‘ಎಂಜೈಮ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಬಾಟಲಿ. ಕೆಲವು ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಬಂದಿರುತ್ತವೆ, ಕೆಲವನ್ನು ಚೈನ್ ಬಿಸಿನೆಸ್ ಮಾಡುವ ನೆಂಟರು ತಂದುಕೊಟ್ಟಿರುತ್ತಾರೆ. ‘ಇದು ರಕ್ತನಾಳದ ಕೊಬ್ಬನ್ನು ಕರಗಿಸುತ್ತದೆ, ಮೂರು ತಿಂಗಳು ಕುಡಿಯಿರಿ, ಇಂಗ್ಲಿಷ್ ಮದ್ದು ಬಿಡಬಹುದು’ ಎಂಬ ಮಾತು ಬಾಟಲಿಯ ಜೊತೆಗೇ ಬರುತ್ತದೆ. ನಮ್ಮ ನೆರೆಕರೆಯ ಹಿರಿಯರೊಬ್ಬರು ಹೀಗೆಯೇ ಮಾತ್ರೆ ನಿಲ್ಲಿಸಿದರು. ಕೆಲವು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡುವ ಮೊದಲು ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತ್ತು. ಬಾಟಲಿಗೆ ಕೊಟ್ಟ ಹಣದಲ್ಲಿ ವರ್ಷಕ್ಕಾಗುವಷ್ಟು ಮಾತ್ರೆ ಬರುತ್ತಿತ್ತು.

ಈ ವಿಷಯದಲ್ಲಿ ವಿಜ್ಞಾನ ವಿದ್ಯಾರ್ಥಿಗಳಾದ ನಾವು ಮನೆಯಲ್ಲಿ ಸುಮ್ಮನಿರಬಾರದು ಎಂಬುದು ನನ್ನ ಅಭಿಪ್ರಾಯ. ನಾವು ಡಾಕ್ಟರಲ್ಲ, ಯಾರಿಗೂ ಮದ್ದು ಹೇಳುವ ಅರ್ಹತೆ ನಮಗಿಲ್ಲ. ಆದರೆ ಬಾಟಲಿಯ ಮಾತು ನಿಲ್ಲುತ್ತದೋ ಬೀಳುತ್ತದೋ ಎಂದು ಹೇಳಲು ಬೇಕಾದಷ್ಟು ನಮ್ಮ ಪುಸ್ತಕದಲ್ಲೇ ಇದೆ.

ಮೊದಲನೆಯದಾಗಿ, ಕಿಣ್ವ ಎಂದರೇನು? ಒಂದೆರಡು ಅಪವಾದ ಬಿಟ್ಟರೆ ಎಲ್ಲ ಕಿಣ್ವಗಳೂ ಪ್ರೋಟೀನುಗಳು. ಬಾಯಿಯಿಂದ ಒಳಗೆ ಹೋದ ಪ್ರೋಟೀನಿಗೆ ಏನಾಗುತ್ತದೆ ಎಂಬುದನ್ನು ಹೈಸ್ಕೂಲಿನಲ್ಲೇ ಓದಿದ್ದೇವೆ. ಜಠರದ ಆಮ್ಲ ಅದರ ರೂಪ ಕೆಡಿಸುತ್ತದೆ, ಪೆಪ್ಸಿನ್ ಅದನ್ನು ತುಂಡರಿಸುತ್ತದೆ, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಮತ್ತಿತರ ಕಿಣ್ವಗಳು ಅದನ್ನು ಅಮೈನೊ ಆಮ್ಲಗಳ ಮಟ್ಟಕ್ಕೆ ಇಳಿಸುತ್ತವೆ. ಬೂತಾಯಿ ಮೀನಿನ ತುಂಡಿಗೂ ಹೆಸರುಕಾಳಿಗೂ ಏನಾಗುತ್ತದೋ ಬಾಟಲಿಯ ಕಿಣ್ವಕ್ಕೂ ಬಹುಪಾಲು ಅದೇ ಆಗುತ್ತದೆ. ಇದನ್ನು ಮನೆಯವರಿಗೆ ವಿವರಿಸಲು ಪುಸ್ತಕ ಬೇಕಾಗಿಲ್ಲ. ಶುಗರ್ ಇರುವವರು ಇನ್ಸುಲಿನನ್ನು ಯಾಕೆ ಚುಚ್ಚಿಕೊಳ್ಳುತ್ತಾರೆ ಎಂದು ಕೇಳಿ. ಇನ್ಸುಲಿನ್ ಕೂಡ ಪ್ರೋಟೀನ್. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ, ಅದಕ್ಕಾಗಿ ಸೂಜಿ. ನುಂಗಿದ ಕಿಣ್ವ ಹಾಗೆಯೇ ರಕ್ತಕ್ಕೆ ಹೋಗಿ ಕೆಲಸ ಮಾಡುವುದಾದರೆ ಇನ್ಸುಲಿನ್ ತೆಗೆದುಕೊಳ್ಳುವವರು ಇಷ್ಟು ವರ್ಷ ಸೂಜಿಯ ನೋವು ತಿನ್ನಬೇಕಾಗಿರಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ಆ ಕಿಣ್ವ ಹೇಗೋ ರಕ್ತಕ್ಕೆ ತಲುಪಿತು ಎಂದೇ ಇಟ್ಟುಕೊಳ್ಳೋಣ. ಲೈಪೇಸ್ ಒಡೆಯುವುದು ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು. ಕೊಲೆಸ್ಟ್ರಾಲ್‌ನ ರಚನೆಯೇ ಬೇರೆ. ಅದು ನಾಲ್ಕು ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಸ್ಟೀರಾಯ್ಡ್ ಅಣು. ಆ ಉಂಗುರಗಳನ್ನು ಒಡೆದು ಹಾಕುವ ಕಿಣ್ವ ಮನುಷ್ಯನ ದೇಹದಲ್ಲಿ ಇಲ್ಲವೇ ಇಲ್ಲ. ಹೆಚ್ಚಾದ ಕೊಲೆಸ್ಟ್ರಾಲನ್ನು ದೇಹ ಹೊರಹಾಕುವುದು ಮುಖ್ಯವಾಗಿ ಲಿವರ್‌ನ ಮೂಲಕ, ಪಿತ್ತರಸದ ದಾರಿಯಲ್ಲಿ. ಹಾಗಾಗಿ ‘ಕರಗಿಸುವುದು’ ಎಂಬ ಮಾತು ಕೇಳಲು ಚೆಂದ, ನಮ್ಮ ದೇಹದ ರಸಾಯನಶಾಸ್ತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಾದರೆ ಕಿಣ್ವಕ್ಕೂ ಕೊಲೆಸ್ಟ್ರಾಲಿಗೂ ಸಂಬಂಧವೇ ಇಲ್ಲವೇ? ಬಹಳ ಇದೆ, ಆದರೆ ಬಾಟಲಿ ಹೇಳುವುದಕ್ಕೆ ತದ್ವಿರುದ್ಧವಾಗಿ. ನಮ್ಮ ರಕ್ತದ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸುತ್ತದೆ. ಆ ತಯಾರಿಯ ದಾರಿಯಲ್ಲಿ ಎಚ್‌ಎಂಜಿ ಕೋ-ಎ ರಿಡಕ್ಟೇಸ್ ಎಂಬ ಕಿಣ್ವವಿದೆ. ತಯಾರಿಯ ವೇಗ ನಿಂತಿರುವುದು ಅದರ ಮೇಲೆ. ಸ್ಟ್ಯಾಟಿನ್ ಅಣುವಿನ ಒಂದು ಭಾಗ ಈ ಕಿಣ್ವಕ್ಕೆ ಬೇಕಾದ ಕಚ್ಚಾವಸ್ತುವನ್ನು ಹೋಲುತ್ತದೆ. ಅದು ಕಿಣ್ವದ ಆ್ಯಕ್ಟಿವ್ ಸೈಟಿನಲ್ಲಿ ಹೋಗಿ ಕುಳಿತು ನಿಜವಾದ ಕಚ್ಚಾವಸ್ತುವಿಗೆ ಜಾಗ ಸಿಗದಂತೆ ಮಾಡುತ್ತದೆ. ಪ್ರಥಮ ಪಿಯುಸಿಯ ಬಯೋಮಾಲಿಕ್ಯೂಲ್ಸ್ ಪಾಠದಲ್ಲಿ ಸಕ್ಸಿನಿಕ್ ಡೀಹೈಡ್ರೋಜಿನೇಸ್ ಮತ್ತು ಮ್ಯಾಲೊನೇಟಿನ ಉದಾಹರಣೆ ಕೊಟ್ಟು ಕಲಿಸುವ ‘ಕಾಂಪಿಟಿಟಿವ್ ಇನ್‌ಹಿಬಿಶನ್’ ಎಂದರೆ ಇದೇ. ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿ ಕಡಿಮೆಯಾದಾಗ ಲಿವರಿನ ಕೋಶಗಳು ತಮ್ಮ ಮೈಮೇಲೆ ಎಲ್‌ಡಿಎಲ್ ರಿಸೆಪ್ಟರುಗಳನ್ನು ಹೆಚ್ಚಿಸಿಕೊಳ್ಳುತ್ತವೆ, ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲನ್ನು ಒಳಗೆ ಎಳೆದುಕೊಳ್ಳುತ್ತವೆ. ಈ ರಿಸೆಪ್ಟರಿನ ಕೆಲಸವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಈ ಮಾತ್ರೆ ಬಂದ ಬಗೆಯೂ ತಿಳಿಯಬೇಕಾದದ್ದು. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1971ರಲ್ಲಿ ಈ ಕಿಣ್ವವನ್ನು ತಡೆಯುವ ವಸ್ತು ಶಿಲೀಂಧ್ರಗಳಲ್ಲಿ ಸಿಗಬಹುದೆಂದು ಹುಡುಕಲು ಹೊರಟರು. ಸುಮಾರು 6000 ಬಗೆಯ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದ ಮೇಲೆ, 1973ರಲ್ಲಿ, ಕ್ಯೋಟೊ ನಗರದ ಧಾನ್ಯದ ಅಂಗಡಿಯೊಂದರ ಅಕ್ಕಿಯಲ್ಲಿ ಸಿಕ್ಕಿದ್ದ ಬೂಸ್ಟಿನಿಂದ ಮೊದಲ ಸ್ಟ್ಯಾಟಿನ್ ದೊರಕಿತು. ಔಷಧಿ ಅಂಗಡಿಗೆ ಮೊದಲ ಸ್ಟ್ಯಾಟಿನ್ ಬರಲು 1987 ಆಯಿತು. 1994ರಲ್ಲಿ ಸ್ಕ್ಯಾಂಡಿನೇವಿಯದ ದೇಶಗಳಲ್ಲಿ 4444 ಹೃದ್ರೋಗಿಗಳ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆದ ಅಧ್ಯಯನದ ಫಲಿತಾಂಶ ಹೊರಬಂತು. ಅರ್ಧದಷ್ಟು ಜನರಿಗೆ ಸ್ಟ್ಯಾಟಿನ್, ಇನ್ನರ್ಧಕ್ಕೆ ಅದರಂತೆಯೇ ಕಾಣುವ ಖಾಲಿ ಮಾತ್ರೆ. ಸ್ಟ್ಯಾಟಿನ್ ಪಡೆದವರಲ್ಲಿ ಸಾವಿನ ಅಪಾಯ ಶೇ. 30ರಷ್ಟು ಕಡಿಮೆಯಾಗಿತ್ತು. ಅದು ರಿಪೋರ್ಟಿನ ಅಂಕಿಯಲ್ಲಿ ಮಾತ್ರ ಕಂಡ ವ್ಯತ್ಯಾಸವಲ್ಲ, ಉಳಿದ ಜೀವಗಳ ಲೆಕ್ಕ.

‘ಅದೆಲ್ಲ ಕೆಮಿಕಲ್, ಇದು ನೈಸರ್ಗಿಕ’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಅಕ್ಕಿಯ ಬೂಸ್ಟಿನಿಂದ ಬಂದದ್ದೂ ನೈಸರ್ಗಿಕವೇ ಅಲ್ಲವೇ ಎಂದು ಕೇಳಬಹುದು. ಅದಕ್ಕಿಂತ ಒಳ್ಳೆಯ ಉತ್ತರ ನಮ್ಮ ಹಿತ್ತಿಲಲ್ಲೇ ಇದೆ. ನಾವು ಶರಬತ್ತು ಮಾಡಿ ಕುಡಿಯುವ ಪುನರ್ಪುಳಿ, ಮೀನಿನ ಸಾರಿಗೆ ಹಾಕುವ ಕುಡಂಪುಳಿ, ಇವೆರಡೂ ಗಾರ್ಸೀನಿಯಾ ಎಂಬ ಒಂದೇ ಕುಲದ ಮರಗಳು. ಕುಡಂಪುಳಿಯ ಹುಳಿಗೆ ಕಾರಣವಾದ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆ್ಯಸಿಡ್ ಎಂದು ಸರಿಯಾಗಿ ಗುರುತಿಸಿ 1965ರಲ್ಲಿ ಪ್ರಕಟಿಸಿದವರು ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ನಾಲ್ಕು ವರ್ಷಗಳ ನಂತರ ಅಮೆರಿಕದ ವಿಜ್ಞಾನಿಗಳು ಈ ಆಮ್ಲ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವವನ್ನು ಬಲವಾಗಿ ತಡೆಯುತ್ತದೆ ಎಂದು ತೋರಿಸಿದರು. ಕೊಬ್ಬೂ ಕೊಲೆಸ್ಟ್ರಾಲೂ ತಯಾರಾಗುವ ದಾರಿಯಲ್ಲಿ ರಿಡಕ್ಟೇಸಿಗಿಂತ ಮೊದಲು ಬರುವ ಕಿಣ್ವ ಅದು.

ಇಲ್ಲಿಂದ ಮುಂದೆ ಎರಡು ದಾರಿಗಳಾದವು. ಒಂದು ದಾರಿ ಹಿಡಿದವರು ‘ಗಾರ್ಸೀನಿಯಾ’ ಕ್ಯಾಪ್ಸೂಲುಗಳನ್ನು ಬಾಟಲಿಗೆ ತುಂಬಿ ಲೋಕಕ್ಕೆಲ್ಲ ಮಾರಿದರು. 1998ರಲ್ಲಿ ಅಮೆರಿಕದಲ್ಲಿ ತೂಕ ಹೆಚ್ಚಿದ್ದ 135 ಜನರ ಮೇಲೆ 12 ವಾರ ಪರೀಕ್ಷಿಸಿದಾಗ ಖಾಲಿ ಮಾತ್ರೆಗಿಂತ ಅದು ಹೆಚ್ಚೇನೂ ತೂಕ ಇಳಿಸಲಿಲ್ಲ. ಇಂತಹ ಸಾರವಿರುವ ಮಾತ್ರೆ ತಿಂದವರ ಲಿವರಿಗೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇನ್ನೊಂದು ದಾರಿಯಲ್ಲಿ ಹೋದವರು ಅದೇ ಕಿಣ್ವವನ್ನು ಲಿವರಿನಲ್ಲಿ ತಡೆಯುವ ಬೇರೊಂದು ಅಣುವನ್ನು ಪರೀಕ್ಷೆಗೆ ಒಡ್ಡಿದರು. ಅದರ ಹೆಸರು ಬೆಂಪೆಡೊಯಿಕ್ ಆ್ಯಸಿಡ್. ಅದು ಲಿವರಿನಲ್ಲಿ ಚುರುಕಾಗುತ್ತದೆ, ಸ್ನಾಯುವಿನಲ್ಲಿ ಆಗುವುದಿಲ್ಲ. ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಸ್ಟ್ಯಾಟಿನ್ ತೆಗೆದುಕೊಳ್ಳಲಾಗದ ಸುಮಾರು 14,000 ಜನರ ಮೇಲಿನ ಅಧ್ಯಯನದಲ್ಲಿ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನಂತಹ ದೊಡ್ಡ ತೊಂದರೆಗಳು ಶೇ. 13ರಷ್ಟು ಕಡಿಮೆಯಾದದ್ದು 2023ರಲ್ಲಿ ಪ್ರಕಟವಾಯಿತು. ಕಿಣ್ವ ಒಂದೇ, ಗುರಿಯೂ ಒಂದೇ. ಒಂದನ್ನು ಸಾವಿರಾರು ಜನರ ಮೇಲೆ ತೂಗಿ ನೋಡಿದರು, ಇನ್ನೊಂದನ್ನು ಬಾಯಿಮಾತಿನಿಂದ ಮಾರಿದರು. ನೈಸರ್ಗಿಕವೋ ಅಲ್ಲವೋ ಎಂಬುದಕ್ಕಿಂತ ತೂಗಿ ನೋಡಿದ್ದಾರೋ ಇಲ್ಲವೋ ಎಂಬುದೇ ಕೇಳಬೇಕಾದ ಪ್ರಶ್ನೆ. ಪುನರ್ಪುಳಿ ಶರಬತ್ತನ್ನು ರುಚಿಗಾಗಿ ಧಾರಾಳವಾಗಿ ಕುಡಿಯೋಣ, ಮಾತ್ರೆಯ ಬದಲಿಗೆ ಬೇಡ.

ಕಿಣ್ವದ ಬಾಟಲಿಗಳನ್ನೂ ಯಾರೂ ಪರೀಕ್ಷಿಸಿಯೇ ಇಲ್ಲ ಎಂದು ಹೇಳುವುದು ಅನ್ಯಾಯವಾದೀತು. ಹುದುಗಿದ ಸೋಯಾದಿಂದ ಬರುವ ನ್ಯಾಟೊಕೈನೇಸ್ ಬಗ್ಗೆ ಬಹಳ ಪ್ರಚಾರವಿದೆ. ಅಮೆರಿಕದಲ್ಲಿ 265 ಜನರ ಮೇಲೆ ಸುಮಾರು ಮೂರು ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದು ರಕ್ತನಾಳದ ಗೋಡೆ ದಪ್ಪವಾಗುವುದನ್ನು ತಡೆಯಲಿಲ್ಲ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ತಿಳಿಸದೆ ಇಂತಹದನ್ನು ಸೇರಿಸಿಕೊಳ್ಳುವುದು ಅಪಾಯ. ನುಂಗುವ ಕಿಣ್ವ ನಿಜವಾಗಿ ಉಪಯೋಗಕ್ಕೆ ಬರುವ ಸಂದರ್ಭಗಳೂ ಇವೆ. ಮೇದೋಜೀರಕ ಗ್ರಂಥಿ ಕೆಟ್ಟವರಿಗೆ, ಆಮ್ಲದಿಂದ ಕಾಪಾಡುವ ಹೊದಿಕೆಯಿರುವ ಕ್ಯಾಪ್ಸೂಲಿನಲ್ಲಿ ಡಾಕ್ಟರುಗಳು ಪ್ಯಾಂಕ್ರಿಯಾಟಿನ್ ಕೊಡುತ್ತಾರೆ. ಅದು ಕರುಳಿನೊಳಗಿನ ಆಹಾರವನ್ನು ಜೀರ್ಣಿಸುತ್ತದೆ, ಅಷ್ಟೇ ಅದರ ಕೆಲಸ. ಪ್ಯಾಂಕ್ರಿಯಾಟಿನ್ ಸಾಮಾನ್ಯವಾಗಿ ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು ಎಂಬುದನ್ನು ನಮ್ಮ ಮನೆಗಳವರೂ ನಮ್ಮ ಸಸ್ಯಾಹಾರಿ ಸಹಪಾಠಿಗಳ ಮನೆಯವರೂ ತಿಳಿದಿರಬೇಕು. ಜೀವಕ್ಕೆ ಅನಿವಾರ್ಯವಾದ ಔಷಧಿಯ ವಿಷಯ ಬೇರೆ. ಅಗತ್ಯವೇ ಇಲ್ಲದ ಬಾಟಲಿಯೊಳಗೆ ಏನಿದೆ ಎಂದು ಲೇಬಲ್ ಓದದೆ ಮನೆಗೆ ತರುವುದು ಯಾಕೆ?

ಲೇಬಲಿನಲ್ಲಿ ಇನ್ನೊಂದು ಸಾಲೂ ಇರುತ್ತದೆ. ಆರೋಗ್ಯ ಪೂರಕಗಳ ಮೇಲೆ ‘ಔಷಧೀಯ ಬಳಕೆಗೆ ಅಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕೆಂಬುದು ಎಫ್‌ಎಸ್‌ಎಸ್‌ಎಐ ನಿಯಮ. ಬಾಟಲಿಯಲ್ಲಿರುವ ಲೈಸೆನ್ಸ್ ನಂಬರು ಆಹಾರವೆಂದು ಮಾರಲು ಕೊಟ್ಟ ನಂಬರು, ಕೊಲೆಸ್ಟ್ರಾಲ್ ಇಳಿಸುತ್ತದೆ ಎಂಬ ಪ್ರಮಾಣಪತ್ರವಲ್ಲ. ಮಾರುವವರ ಬಾಯಿ ಒಂದು ಹೇಳುತ್ತದೆ, ಅವರು ಮಾರುವ ಬಾಟಲಿಯೇ ಇನ್ನೊಂದು ಹೇಳುತ್ತದೆ.

ಸ್ಟ್ಯಾಟಿನಿಗೆ ಅಡ್ಡ ಪರಿಣಾಮಗಳಿಲ್ಲವೇ ಎಂದರೆ, ಇವೆ. ಕೆಲವರಿಗೆ ಸ್ನಾಯು ನೋವು ಬರುತ್ತದೆ, ಕೆಲವರಲ್ಲಿ ಸಕ್ಕರೆ ಅಂಶ ಸ್ವಲ್ಪ ಏರಬಹುದು, ಲಿವರಿನ ಪರೀಕ್ಷೆ ಬೇಕಾಗಬಹುದು, ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಹಲವು ದೊಡ್ಡ ಅಧ್ಯಯನಗಳನ್ನು ಒಟ್ಟು ಸೇರಿಸಿ 2022ರಲ್ಲಿ ನೋಡಿದಾಗ, ಸ್ಟ್ಯಾಟಿನ್ ತೆಗೆದುಕೊಳ್ಳುವವರು ಹೇಳಿದ ಸ್ನಾಯು ನೋವಿನ ದೂರುಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಮಾತ್ರೆಯಿಂದ ಬಂದದ್ದಲ್ಲ ಎಂದು ತಿಳಿಯಿತು. ನೋವು ಬಂದರೆ ಡಾಕ್ಟರಿಗೆ ಹೇಳಬೇಕು. ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು, ಬೇರೆ ಮದ್ದೂ ಇದೆ. ತಾವಾಗಿ ನಿಲ್ಲಿಸುವುದಷ್ಟೇ ಬೇಡ.

ಹಾಗೆ ತಾವಾಗಿ ನಿಲ್ಲಿಸುವ ಇನ್ನೊಂದು ಸಮಯ ನಮ್ಮಲ್ಲಿದೆ, ರಮಳಾನ್ ತಿಂಗಳು. ಉಪವಾಸಕ್ಕೆ ತೊಂದರೆಯಾಗುತ್ತದೆಂದು ಕೆಲವು ಹಿರಿಯರು ಇಡೀ ತಿಂಗಳು ಮಾತ್ರೆಗಳನ್ನು ಬದಿಗಿಡುತ್ತಾರೆ. ಕೊಲೆಸ್ಟ್ರಾಲ್ ಮಾತ್ರೆ ದಿನಕ್ಕೆ ಒಂದೇ. ಅಟೊರ್ವಾಸ್ಟ್ಯಾಟಿನನ್ನು ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದಾದ್ದರಿಂದ ಇಫ್ತಾರ್ ಆದ ಮೇಲೆ ನುಂಗಿದರೆ ಉಪವಾಸಕ್ಕೂ ಅದಕ್ಕೂ ಜಗಳವೇ ಇಲ್ಲ. ಬೇರೆ ಮಾತ್ರೆಗಳಿದ್ದರೆ ತಿಂಗಳು ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿ ಹೊತ್ತು ಗೊತ್ತುಮಾಡಿಕೊಳ್ಳಬೇಕು.

ರಕ್ತನಾಳದಲ್ಲಿ ಕಿಣ್ವವನ್ನೇ ಬಳಸುವ ಚಿಕಿತ್ಸೆಯೂ ಒಂದಿದೆ. ಪಾಠದಲ್ಲಿರುವ ಸ್ಟ್ರೆಪ್ಟೊಕೈನೇಸ್ ಆ ಗುಂಪಿಗೆ ಸೇರಿದ್ದು. ಹೃದಯಾಘಾತದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದಾಗ ಆ ಹೆಪ್ಪನ್ನು ಕರಗಿಸಲು ಇದನ್ನು ಕೊಡುತ್ತಾರೆ. ಈಗ ಟೆನೆಕ್ಟಿಪ್ಲೇಸ್ ಎಂಬ ಕಿಣ್ವವೂ ಬಂದಿದೆ. ಕರ್ನಾಟಕ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡಲು ಆರಂಭಿಸಿದೆ. ಇದನ್ನು ಕೊಡುವುದು ಬಾಯಿಗಲ್ಲ, ನೇರವಾಗಿ ರಕ್ತನಾಳಕ್ಕೆ, ಇಸಿಜಿ ನೋಡಿ, ವೈದ್ಯರ ಕಣ್ಣೆದುರಿನಲ್ಲಿ. ಅದು ಕರಗಿಸುವುದೂ ಆಗತಾನೇ ಕಟ್ಟಿದ ಹೆಪ್ಪನ್ನು, ವರ್ಷಗಟ್ಟಲೆ ಕೂಡಿದ ಕೊಲೆಸ್ಟ್ರಾಲನ್ನಲ್ಲ. ಬೇಗ ಹೋದಷ್ಟೂ ಫಲ ಹೆಚ್ಚು. ಸುಳ್ಯದಿಂದ ಮಂಗಳೂರು ತಲುಪಲು ಎಷ್ಟು ಹೊತ್ತು ಬೇಕೆಂದು ನಮಗೆಲ್ಲ ಗೊತ್ತು. ಎದೆನೋವು ಬಂದಾಗ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕಾಯದೆ ಹತ್ತಿರ ಇಸಿಜಿ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ವೈದ್ಯರು ಇಸಿಜಿ ಕಳಿಸಿ ಸಲಹೆ ಪಡೆಯಲೆಂದು ವಾಟ್ಸ್‌ಆ್ಯಪ್ ಗುಂಪುಗಳನ್ನು ಕಟ್ಟಿದ್ದು ನಮ್ಮ ಜಿಲ್ಲೆಯಲ್ಲೇ. ಎಂಜೈಮ್ ಬಾಟಲಿಯ ಜಾಹೀರಾತು ಬರುವುದೂ ಅದೇ ವಾಟ್ಸ್‌ಆ್ಯಪಿನಲ್ಲಿ. ಯಾವುದನ್ನು ಫಾರ್ವರ್ಡ್ ಮಾಡುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಇದು ಹಿರಿಯರ ವಿಷಯ ಮಾತ್ರವೇ? ಅಲ್ಲ. ಐಸಿಎಂಆರ್ ದೇಶದಾದ್ಯಂತ 1,13,000ಕ್ಕೂ ಹೆಚ್ಚು ಜನರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕರಲ್ಲಿ ನೂರಕ್ಕೆ 24 ಮಂದಿಯ ಕೊಲೆಸ್ಟ್ರಾಲ್ ಹೆಚ್ಚಿತ್ತು. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮೊದಲ ಲಿಪಿಡ್ ಪರೀಕ್ಷೆ 18ನೇ ವಯಸ್ಸಿಗೇ ಆಗಬೇಕು, ಅಂದರೆ ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ. ಮನೆಯಲ್ಲಿ ಯಾರಿಗಾದರೂ ಸಣ್ಣ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಇನ್ನೂ ಬೇಗ. ಹುಟ್ಟಿನಿಂದಲೇ ಎಲ್‌ಡಿಎಲ್ ಹೆಚ್ಚಿರುವ ಅನುವಂಶೀಯ ತೊಂದರೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗಿದೆ. ಓಡಾಡಿಕೊಂಡು, ತೆಳ್ಳಗೆ ಇರುವವರಲ್ಲೂ ಅದು ಇರಬಹುದು. ಮೊದಲ ಪರೀಕ್ಷೆಗೆ ಖಾಲಿ ಹೊಟ್ಟೆಯೇ ಬೇಕೆಂದಿಲ್ಲ ಎಂದೂ ಆ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಕಾಲೇಜಿನಲ್ಲಿ ಆರೋಗ್ಯ ತಪಾಸಣಾ ಶಿಬಿರ ನಡೆಸುವಾಗ ಕಣ್ಣು, ಹಲ್ಲು, ರಕ್ತದ ಗುಂಪಿನ ಜೊತೆಗೆ, ಕನಿಷ್ಠ ಮನೆಯಲ್ಲಿ ಹೃದ್ರೋಗದ ಹಿನ್ನೆಲೆಯಿರುವ ವಿದ್ಯಾರ್ಥಿಗಳಿಗಾದರೂ ಲಿಪಿಡ್ ಪರೀಕ್ಷೆ ಸೇರಿಸಬೇಕೆಂದು ಆಡಳಿತ ಮಂಡಳಿಯವರಲ್ಲಿಯೂ ಉಪನ್ಯಾಸಕರಲ್ಲಿಯೂ ವಿನಂತಿಸುತ್ತೇನೆ. ಬೆಳಗ್ಗೆ ತಿಂಡಿ ತಿಂದು ಬಸ್ಸಿಗೆ ಓಡಿ ಬರುವ ನಮಗೆ ಅದು ಕಷ್ಟವೂ ಅಲ್ಲ.

ಮನೆಯಲ್ಲಿ ಮಾತಾಡುವುದು ಹೇಗೆ ಎಂಬುದು ಕೊನೆಯ ಮತ್ತು ಕಷ್ಟದ ಪ್ರಶ್ನೆ. ಬಾಟಲಿ ಮಾರುವವರು ಹೆಚ್ಚಾಗಿ ನಮ್ಮವರೇ. ಸೋದರಮಾವ, ಚಿಕ್ಕಮ್ಮ, ಉಪ್ಪನ ಗೆಳೆಯ. ಅವರಿಗೂ ಸಂಸಾರವಿದೆ, ಅವರಲ್ಲಿ ಅನೇಕರು ಅದನ್ನು ನಂಬಿಯೇ ಮಾರುತ್ತಾರೆ. ಅವರ ಮುಂದೆ ಕುಳಿತು ‘ಇದು ಮೋಸ’ ಎಂದರೆ ನೆಂಟಸ್ತಿಕೆ ಕೆಡುತ್ತದೆ, ಮಾತ್ರೆಯೂ ಮರಳಿ ಬರುವುದಿಲ್ಲ. ಅದರ ಬದಲು ಮರ್ಯಾದೆಯಿಂದ ಮೂರು ಪ್ರಶ್ನೆ ಕೇಳೋಣ. ಇನ್ಸುಲಿನ್ ನುಂಗಲು ಆಗುವುದಿಲ್ಲ, ಇದು ಹೊಟ್ಟೆಯಿಂದ ರಕ್ತಕ್ಕೆ ಹೇಗೆ ಹೋಗುತ್ತದೆ ಮಾಮ? ಲೇಬಲಿನಲ್ಲಿ ಔಷಧಿಯಲ್ಲ ಎಂದು ಯಾಕೆ ಬರೆದಿದ್ದಾರೆ? ಇದನ್ನು ಕುಡಿದವರ ಮತ್ತು ಕುಡಿಯದವರ ಹೋಲಿಕೆ ಎಲ್ಲಿ ಪ್ರಕಟವಾಗಿದೆ? ಉತ್ತರ ಸಿಕ್ಕರೆ ಓದೋಣ. ಸಿಗದಿದ್ದರೆ ಕೇಳುತ್ತಿರುವ ಮನೆಯವರಿಗೆ ಅಷ್ಟೇ ಸಾಕು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆಯಿದೆ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ, ಜನೌಷಧಿ ಕೇಂದ್ರದಲ್ಲಿ ಅಗ್ಗವಾಗಿ ಸಿಗುವ ಮಾತ್ರೆ ಕೈಯಲ್ಲೇ ಇರುವಾಗ ಸಾವಿರಾರು ರೂಪಾಯಿಯ ಬಾಟಲಿಗೆ ಅಲೆಯುವುದೂ ಹಾಗೆಯೇ. ಈ ಭಾನುವಾರ ಮನೆಯಲ್ಲಿರುವಾಗ ಔಷಧಿ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಡಾಕ್ಟರು ಬರೆದ ಮಾತ್ರೆ ಮುಗಿದಿದೆಯೋ, ಮುಗಿಯದೆ ಉಳಿದಿದೆಯೋ ಎಣಿಸಿ. ಉಳಿದಿದ್ದರೆ ಯಾಕೆ ಎಂದು ಮೆಲ್ಲಗೆ ಕೇಳಿ.